ಅಪ್ಪನ ಮುಂದೆ ಗಂಟಲೆತ್ತಿದ್ದು

ನಮ್ಮ ಮನೆಯಲ್ಲಿ ಅಪ್ಪನ ಮುಂದೆ ಗಂಟಲೆತ್ತುವ ಹಾಗಿರಲಿಲ್ಲ. ಗುಂಡ್ಲುಪೇಟೆ ಹತ್ತಿರದ ನಮ್ಮೂರು ಹಂಗಳದಲ್ಲಿ, ಮನೆಯ ಜಗಲಿ ಮೇಲೆ ಅವರು ಕೂತಿದ್ದರೆ ನಾವು ಮಕ್ಕಳು ನೀರು ಬೇಕೆಂದರೂ ಪಿಸುಮಾತಿನಲ್ಲೇ ಕೇಳುತ್ತಿದ್ದೆವು. ಹೊಲದಲ್ಲಿ ಮಾತ್ರ ಬೇರೆ ಕಾಯಿದೆ. ಜೋಳ ಹಾಲುಗಾಳಾದಾಗ ಅಟ್ಟಣೆ ಹತ್ತಿ ಕಾಯಬೇಕು; ಗಿಳಿ ಹಿಂಡು ಇಳಿಯಿತೋ, ಗಂಟಲು ಹರಿಯುವಂತೆ ಕೂಗಬೇಕು. ಅಲ್ಲಿ ನಾನು ಎಷ್ಟು ಅರಚಿದರೂ ಅಪ್ಪನಿಗೆ ಸಾಲದು.

ಐವತ್ತರ ದಶಕದಲ್ಲಿ, ಮಿಲಿಟರಿ ಅಕಾಡೆಮಿಗೆ ಹುಡುಗರನ್ನು ತಯಾರು ಮಾಡುವ ಶಾಲೆಯೊಂದಕ್ಕೆ ಚಾಮರಾಜನಗರದಲ್ಲಿ ಸೇರಿದೆ. ಸುಖವಾಗಿಯೇ ಇದ್ದೆ. ಲೆಕ್ಕದಲ್ಲಿ ಮುಂದು, ಓಟದಲ್ಲಿ ಮುಂದು, ಇಂಗ್ಲಿಷು ಹೇಗೋ ದಡ ಸೇರಿತು. ಹಾಳು ಕವಾಯತಿನಲ್ಲಿ ಮಾತ್ರ ಸಿಕ್ಕಿಬಿದ್ದೆ. ಮೂವತ್ತು ಹುಡುಗರನ್ನು ಒಂದೇ ಕೂಗಿಗೆ ನೆಟ್ಟಗೆ ನಿಲ್ಲಿಸಬೇಕು. ನನ್ನ ‘ಸಾವಧಾನ್’ ಮೊದಲ ಸಾಲನ್ನೂ ಮುಟ್ಟುತ್ತಿರಲಿಲ್ಲ. ಕವಾಯತು ಕಲಿಸುತ್ತಿದ್ದ ರಿಟೈರಾದ ಸುಬೇದಾರರದು ಅಪ್ಪನದೇ ವಯಸ್ಸು, ಅಪ್ಪನದೇ ಮೀಸೆ. ಅವರು ಎದುರಿಗೆ ನಿಂತರೆ ಸಾಕು, ನನ್ನ ಸ್ವರ ಉಡುಗಿಹೋಗುತ್ತಿತ್ತು.

“ಏನ್ಲಾ, ಮದುವಣಗಿತ್ತಿ ಗಂಡನ ಎಸ್ರು ಯೋಳ್ದಂಗೆ ಯೋಳ್ತೀಯ!” ಎಂದು ಅವರು ಗದರುತ್ತಿದ್ದರು. “ಇದ್ರಲ್ಲಿ ಫೇಲಾದ್ರೆ ಅಕಾಡೆಮಿ ಇಲ್ಲ, ಏನೂ ಇಲ್ಲ. ಗಂಟುಮೂಟೆ ಕಟ್ಕಂಡು ಊರಿಗೋಗು.”

ಕಡೆಯ ಪರೀಕ್ಷೆಯ ಬೆಳಿಗ್ಗೆ ಮೈದಾನದಲ್ಲಿ ನಿಂತು ನೋಡುತ್ತೇನೆ, ಅಯ್ಯೋ ಶಿವನೇ, ಬೇಲಿಯಾಚೆ ಅಪ್ಪ! ಗುಂಡ್ಲುಪೇಟೆಯಲ್ಲಿ ಮೊದಲ ಬಸ್ಸು ಹತ್ತಿ, ಬುತ್ತಿ ಹಿಡಿದುಕೊಂಡು ಬಂದುಬಿಟ್ಟಿದ್ದರು. ಒಬ್ಬರಿಗೇ ಹೆದರಿ ಸಾಯುತ್ತಿದ್ದವನಿಗೆ ಇಬ್ಬರಾದರು. ಬಾಯಿ ತೆರೆದೆ. ಗಾಳಿಯಷ್ಟೇ ಬಂತು. ಸಾಲಿನಲ್ಲಿ ಯಾವನೋ ಕಿಸಕ್ಕೆಂದ.

“ಇನ್ನೊಂದೇ ಸಲ ಕಣ್ಲಾ,” ಎಂದರು ಸುಬೇದಾರರು. ನನಗೆ ಅಳುವೇ ಬಂತು.

ಆಗ ಬೇಲಿಯ ಕಡೆಯಿಂದ ಅಪ್ಪನ ಕೂಗು ಕೇಳಿಸಿತು: “ಜ್ವಾಳಕ್ಕೆ ಗಿಳಿ ಬಿದ್ದವೆ ಕಣ್ಲಾ! ಕೂಗ್ಲಾ!”

ಯೋಚಿಸಲು ಪುರಸೊತ್ತೇ ಸಿಗಲಿಲ್ಲ. ಅಟ್ಟಣೆಯ ಮೇಲಿನ ನನ್ನ ಹಳೆಯ ಗಂಟಲೇ ಹಾರಿಬಂತು. “ಸಾವಧಾನ್!”

ಮೂವತ್ತು ಜೊತೆ ಬೂಟುಗಳು ಒಟ್ಟಿಗೆ ಬಡಿದವು. ಸುಬೇದಾರರು ಮೀಸೆಯೊಳಗೇ ನಕ್ಕು ತಮ್ಮ ಪಟ್ಟಿಯಲ್ಲಿ ‘ಪಾಸು’ ಎಂದು ಬರೆದುಕೊಂಡರು. ನನಗಾದ ಖುಷಿ ಅಷ್ಟಿಷ್ಟಲ್ಲ! ಅಪ್ಪನಿಗೆ ಕೇಳಿಸಿತೇ ಎಂದು ಬೇಲಿಯತ್ತ ನೋಡಿದೆ.

ಬುತ್ತಿ ನೆಲದ ಮೇಲಿತ್ತು. ಅಪ್ಪ ಎರಡೂ ಕೈಗಳನ್ನು ತೊಡೆಗೆ ಒತ್ತಿ, ಸಾಲಿನ ಹುಡುಗರ ಹಾಗೆಯೇ ಸೆಟೆದು ನಿಂತಿದ್ದರು. ನಾನು ‘ವಿಶ್ರಾಮ್’ ಎನ್ನುವವರೆಗೂ ಅಲ್ಲಾಡಲಿಲ್ಲ.