ತಿಪ್ಪಮ್ಮ ಸಿಸ್ಟರ್ ಕೊಟ್ಟ ಊರುಗೋಲು

ತಿಪ್ಪಮ್ಮ ಸಿಸ್ಟರನ್ನು ನಾನು ಮೊದಲ ಸಲ ನೋಡಿದಾಗ ಅವರ ಕೈಯಲ್ಲಿ ಹಾರೆ ಇತ್ತು. ಯಲ್ಲದಕೆರೆಯ ಒಂದು ಮನೆಯ ಬಚ್ಚಲಲ್ಲಿ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಪಾಚಿಗಟ್ಟಿದ ಚಪ್ಪಡಿಕಲ್ಲಿಗೆ ಒಂದೇ ಸಮನೆ ಹಾರೆ ಹಾಕುತ್ತಿದ್ದರು. ಚೂರುಗಳು ಸಿಡಿದು ಗೋಡೆಗೆ ಬಡಿಯುತ್ತಿದ್ದವು. ಮನೆಯ ಯಜಮಾನ ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದ.

“ಈ ಕಲ್ಲು ನಿಮ್ಮಪ್ಪನ್ನ ತಿಂದೈತೆ. ಇನ್ನ ನಿಮ್ಮವ್ವನ್ನೂ ಇದಕ್ಕೇ ಕೊಡ್ತೀಯೇನಪ್ಪ?” ಎಂದು ಸಿಸ್ಟರ್ ತಿರುಗಿ ಕೇಳಿದರು. ಆತ ಬಾಗಿಲು ಬಿಟ್ಟು ಸರಿದ. ಆ ವಾರವೇ ಅಲ್ಲಿ ಒರಟು ಕಲ್ಲು ಬಂತು, ಹಿಡಿದು ಏಳಲು ಗೋಡೆಗೊಂದು ಕಬ್ಬಿಣದ ಪೈಪೂ ಬಂತು.

ಹಿರಿಯೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಾನು ಹೊಸದಾಗಿ ಡಾಕ್ಟರಾಗಿ ಬಂದಿದ್ದೆ. ಅಲ್ಲಿ ನರ್ಸಾಗಿದ್ದ ಸಿಸ್ಟರಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ವಯಸ್ಸಾದವರು ಯಾರಾದರೂ ಬಿದ್ದರೆಂದು ಕೇಳಿದರೆ ಸಾಕು, ಯಾರೋ ಬೇಕೆಂದೇ ನೂಕಿದಂತೆ ಅವರಿಗೆ ಸಿಟ್ಟು ಬರುತ್ತಿತ್ತು. ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು ಬಂದ ಮುದುಕರ ಚಪ್ಪಲಿ ಬಾರನ್ನು ಅಲ್ಲೇ ಕತ್ತರಿಯಿಂದ ಕತ್ತರಿಸಿ ಕಸದ ಬುಟ್ಟಿಗೆ ಎಸೆಯುತ್ತಿದ್ದರು. “ಕೈ ಊರ್ದಂಗೆ ಕುರ್ಚಿಯಿಂದ ಎದ್ದೇಳ್ರಿ ನೋಡಾಣ” ಎಂದು ಪ್ರತಿಯೊಬ್ಬರನ್ನೂ ಎಬ್ಬಿಸುತ್ತಿದ್ದರು. ಬಿಪಿ ಮಾತ್ರೆ ನುಂಗುವವರಿಗೆ, “ಎದ್ದ ಕೂಡ್ಲೇ ಓಡಬ್ಯಾಡ್ರಿ. ಹಾಸಿಗೆ ಮ್ಯಾಲೆ ಕುಂತ್ಕಂಡು ಹತ್ತು ಎಣಿಸ್ರಿ” ಎಂದು ಗದರುತ್ತಿದ್ದರು. ಅವರನ್ನು ಕಂಡರೆ ಹೆದರಿ ಹಿಂದಿನ ಬಾಗಿಲಿಂದ ಬರುವವರೂ ಇದ್ದರು.

ಇಷ್ಟು ಸಿಟ್ಟು ಯಾಕೆಂದು ಒಮ್ಮೆ ಕೇಳಿದೆ. ಅವರ ತಾಯಿ ಅಡುಗೆಮನೆಯಲ್ಲಿ ಜಾರಿ ಸೊಂಟ ಮುರಿದುಕೊಂಡು, ಹಾಸಿಗೆ ಹಿಡಿದು ಬೆನ್ನು ಕೊಳೆತು ಸತ್ತರಂತೆ. “ಹುಣ್ಣಿನಾಗಿನ ಹುಳ ಚಿಮಟದಾಗೆ ಹೆಕ್ಕಿದ್ದು ನಾನೇ ಡಾಕ್ಟ್ರೇ,” ಎಂದರು.

ಕರಿಯಮ್ಮ ಎಂಬಾಕೆ ಕುರಿ ಸಾಕುವ ಮನೆಯವರು. ಎಪ್ಪತ್ತೈದು ದಾಟಿತ್ತು. ಮಗ ರಂಗಪ್ಪನೇ ಕರೆದುಕೊಂಡು ಬರುತ್ತಿದ್ದ, ಕೇಳಿದ್ದಕ್ಕೆಲ್ಲ ಅವನೇ ಉತ್ತರ ಕೊಡುತ್ತಿದ್ದ. ಮೊದಲ ಸಲ ಬಿದ್ದಾಗ ಹಣೆ ಒಡೆದಿತ್ತು. ಸಿಸ್ಟರ್ ಅವರ ಮನೆಗೆ ಹೋಗಿ ಬಚ್ಚಲ ಕಲ್ಲು ಕಿತ್ತರು. ಎರಡನೆಯ ಸಲ ಎರಡು ಹಲ್ಲು ಮುರಿದಿದ್ದವು. ತಲೆ ಸುತ್ತಿ ಬಿದ್ದಿರಬೇಕೆಂದು ನಾನು ಬಿಪಿ ಮಾತ್ರೆ ಕಡಿಮೆ ಮಾಡಿದೆ. ಸಿಸ್ಟರ್ ತುದಿಗೆ ದಪ್ಪ ರಬ್ಬರ್ ಬಿರಡೆ ಹಾಕಿಸಿದ ಬಿದಿರಿನ ಊರುಗೋಲೊಂದನ್ನು ತಂದುಕೊಟ್ಟರು.

ಮೂರನೆಯ ಸಲ ಬಂದಾಗ ಕಿವಿಯಿಂದ ರಕ್ತ ಇಳಿದು ಕುಪ್ಪಸ ನೆನೆದಿತ್ತು.

“ಮತ್ತೆ ಬಿದ್ಲು ಸಾ,” ಎಂದ ರಂಗಪ್ಪ. ತಾಯಿಯ ಕೋಲು ಅವನ ಕೈಯಲ್ಲಿತ್ತು.

ಸಿಸ್ಟರ್ ಆಕೆಯನ್ನು ಪರದೆಯ ಹಿಂದಕ್ಕೆ ಕರೆದೊಯ್ದು ಕುಪ್ಪಸ ಬಿಚ್ಚಿಸಿದರು. ಆಮೇಲೆ ಹೊರಗೆ ಬಂದರು. ಮುಖ ಬಿಳುಚಿಕೊಂಡಿತ್ತು.

“ಬಿದ್ದೋರು ಮೊದ್ಲು ಕೈ ಊರ್ತಾರೆ ಡಾಕ್ಟ್ರೇ. ಈಯಮ್ಮನ ಅಂಗೈನಾಗೆ ಒಂದು ಗೀರಿಲ್ಲ. ಬೆನ್ನ ತುಂಬ ಬಾಸುಂಡೆ ಅವೆ. ಪಕ್ಕೆ ಮ್ಯಾಲೆ ರಬ್ಬರ್ ಬಿರಡೆ ತಿವಿದ ಗುಂಡು ಗುರುತು ಐತೆ.”

ರಂಗಪ್ಪ ಎದ್ದು ನಿಂತ. “ಹಾಸಿಗೇಲೇ ಉಚ್ಚೆ ಹೊಯ್ಕಂತಾಳೆ. ನಾನು ಕುರಿ ಕಾಯಾನೋ, ಇವಳನ್ನ ಕಾಯಾನೋ? ನಮ್ಮನೆ ವಿಷ್ಯ ನಿಮಗ್ಯಾಕೆ? ನಡಿಯವ್ವ!” ಎಂದು ಪರದೆ ಕಿತ್ತು ತಾಯಿಯ ರಟ್ಟೆ ಹಿಡಿದೆಳೆದ. ಸಿಸ್ಟರ್ ಹೋಗಿ ಬಾಗಿಲಿಗೆ ಅಡ್ಡ ನಿಂತರು.

“ಪಕ್ಕಕ್ಕೆ ಸರಿ.”

“ಸರಿಯಾಕಿಲ್ಲ ಕಣಲೇ. ಅವ್ವನ ಕೈ ಬಿಡು.”

ಕೋಲು ಮೇಲೆದ್ದದ್ದು ಕಂಡಿತು. ಸಿಸ್ಟರ್ ಬಲಗೈ ಅಡ್ಡ ಹಿಡಿದರು. ಮಣಿಕಟ್ಟು ಮುರಿದ ಸದ್ದು ನನ್ನ ಮೇಜಿನವರೆಗೂ ಕೇಳಿತು. ಎರಡನೆಯ ಏಟು ಭುಜಕ್ಕೆ, ಮೂರನೆಯದು ಕಿವಿಯ ಮೇಲೆ ಬಿತ್ತು. ಅವರು ಬಾಗಿಲು ಬಿಡಲಿಲ್ಲ. ನಾನು ಮೇಜಿನ ಹಿಂದೆ ನಿಂತೇ ಇದ್ದೆ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಆಗ ಕರಿಯಮ್ಮ ಕಿರುಚಿದರು. “ನಾನು ಬಿದ್ದಿಲ್ಲ! ಒಂದಿನಾನೂ ಬಿದ್ದಿಲ್ಲ! ಇವನೇ ಬಡಿಯಾದು!”

ಹೊರಗೆ ಕುಳಿತಿದ್ದವರು ನುಗ್ಗಿ ರಂಗಪ್ಪನನ್ನು ಕೆಡವಿ ತುಳಿಯತೊಡಗಿದರು. ಅವನ ಬಾಯಿಂದ ರಕ್ತ ಬಂತು. ಮುರಿದ ಕೈಯನ್ನು ಎದೆಗೆ ಅವುಚಿಕೊಂಡೇ ಸಿಸ್ಟರ್ ಅವರ ನಡುವೆ ನುಗ್ಗಿದರು. “ಬಿಡ್ರೋ! ಹಿಡ್ಕಳ್ರಿ, ಹೊಡೀಬ್ಯಾಡ್ರಿ! ಅವ್ವ ನೋಡ್ತಾ ಅವ್ಳೆ!”

ಪೊಲೀಸರ ಮುಂದೆಯೂ ಕರಿಯಮ್ಮ ಮಾತು ಬದಲಿಸಲಿಲ್ಲ. ಮಾಡದಕೆರೆಯಿಂದ ಮಗಳು ಬಂದು ಕರೆದೊಯ್ದಳು. ರಂಗಪ್ಪ ಕೆಲವು ತಿಂಗಳು ಒಳಗಿದ್ದು ಜಾಮೀನಿನ ಮೇಲೆ ಬಂದ.

ಏಟು ಬಿದ್ದ ದಿನ ಸಿಸ್ಟರನ್ನು ಚಿತ್ರದುರ್ಗಕ್ಕೆ ಕರೆದೊಯ್ಯುವಾಗ ಆಂಬುಲೆನ್ಸಿನಲ್ಲಿ ಅವರು ಅತ್ತರು. ನೋವಿಗೆಂದುಕೊಂಡು ಇಂಜೆಕ್ಷನ್ ತೆಗೆದೆ. ಬೇಡವೆಂದು ತಲೆಯಾಡಿಸಿದರು.

“ಆ ಮನೆ ಬಚ್ಚಲು ಕಿತ್ತೆನಲ್ಲ ಡಾಕ್ಟ್ರೇ, ಆ ಕಲ್ಲು ಏನು ಮಾಡಿತ್ತು? ಮನೆಯೆಲ್ಲ ನೋಡ್ದೆ, ಆಯಮ್ಮನ ಮೈ ನೋಡಲಿಲ್ಲ. ಬಡಿಯೋಕೆ ಕೋಲು ಬ್ಯಾರೆ ನಾನೇ ಕೊಟ್ಟೆ.”

ಅವರಷ್ಟೇ ಅಲ್ಲ, ನಾನೂ ಬಟ್ಟೆ ಸರಿಸಿ ನೋಡಿರಲಿಲ್ಲ. ಅವರ ಎಡಗೈ ಹಿಡಿದು ಕುಳಿತೆ.

ಬ್ಯಾಂಡೇಜಿನ ಕೈಯಲ್ಲೇ ಅವರು ಕೆಲಸಕ್ಕೆ ಮರಳಿದರು. ಅಂದಿನಿಂದ ಬಿದ್ದೆವೆಂದು ಯಾರೇ ಬರಲಿ, ಜೊತೆಗೆ ಬಂದವರನ್ನು ಮೊದಲು ಹೊರಗೆ ಕಳಿಸುತ್ತಿದ್ದರು. ಬಾಗಿಲು ಹಾಕಿ, ಪಕ್ಕದಲ್ಲಿ ಕುಳಿತು, ನಾನು ಅದುವರೆಗೆ ಕೇಳಿರದ ಮೆತ್ತನೆಯ ದನಿಯಲ್ಲಿ, “ಹೆಂಗಾತವ್ವ? ನಿಧಾನಕ್ಕೆ ಹೇಳು, ನಾನಿಲ್ಲೇ ಇರ್ತೀನಿ” ಎನ್ನುತ್ತಿದ್ದರು. ಬಹುತೇಕರು ನಿಜಕ್ಕೂ ಬಿದ್ದವರೇ. ಎಲ್ಲರೂ ಅಲ್ಲ.

ಅವರು ನಿವೃತ್ತರಾದ ಮರುತಿಂಗಳು ಕರಿಯಮ್ಮ ತೀರಿಕೊಂಡ ಸುದ್ದಿ ಬಂತು. ಮಲಗಿದಲ್ಲೇ ಜೀವ ಹೋಗಿತ್ತಂತೆ. ನಾನು ಮಾಡದಕೆರೆ ಮುಟ್ಟುವಷ್ಟರಲ್ಲಿ ಸಿಸ್ಟರ್ ಬಂದಾಗಿತ್ತು. ಹೆಂಗಸರ ಜೊತೆ ಸೇರಿ ಹೆಣಕ್ಕೆ ನೀರು ಹಾಕುತ್ತಿದ್ದರು. ಮುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಬಳಿ ಬಂದರು. ಮಣಿಕಟ್ಟು ಕೊಂಚ ಸೊಟ್ಟಗೇ ಕೂಡಿಕೊಂಡಿತ್ತು.

ಅದೇ ನಮ್ಮ ಕೊನೆಯ ಭೇಟಿ. ನನಗೆ ಬೇಗನೆ ಬೇರೆ ಜಿಲ್ಲೆಗೆ ವರ್ಗವಾಯಿತು. ಅವರು ಹೊಳಲ್ಕೆರೆಯ ತಂಗಿಯ ಮನೆಯಲ್ಲಿ ಮುಂದಿನ ವರ್ಷ ತೀರಿಹೋದದ್ದು ನನಗೆ ತಡವಾಗಿ ತಿಳಿಯಿತು.

ಮಾಡದಕೆರೆಯಲ್ಲಿ ಆ ದಿನ ಅವರು ನನ್ನನ್ನು ಜನರಿಂದ ದೂರ ಕರೆದುಕೊಂಡು ಹೋಗಿ, ತಗ್ಗಿದ ದನಿಯಲ್ಲಿ ಹೇಳಿದ್ದು ಇಷ್ಟೇ:

“ತಲೆಯಿಂದ ಕಾಲಿನ ಗಂಟ ನೋಡ್ದೆ ಡಾಕ್ಟ್ರೇ. ಮೈ ಮ್ಯಾಲೆ ಒಂದು ಹೊಸ ಗಾಯ ಇಲ್ಲ.”