ಮೊದಲ ಪೀರಿಯಡ್ಡಿನ ಹತ್ತು ನಿಮಿಷ

2007ರಲ್ಲಿ ನಾನು ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಹೈಸ್ಕೂಲಿನಲ್ಲಿ ಶಿಪಾಯಿಯಾಗಿದ್ದೆ. ನಮ್ಮ ಕರಾವಳಿಯ ಕಡೆಯಿಂದ ಬಂದ ಹೋಟೆಲಿನವರು, ಆಫೀಸಿನವರು ಸೇರಿ ಕಟ್ಟಿಕೊಂಡ ಭಜನಾ ಮಂಡಳಿಯೊಂದು ಆ ಶಾಲೆಯನ್ನು ನಡೆಸುತ್ತಿತ್ತು. ಬಾಗಿಲು ತೆಗೆಯುವುದು, ಗುಡಿಸುವುದು, ಚಹಾ ಕೊಡುವುದು, ಗಂಟೆ ಬಾರಿಸುವುದು ನನ್ನ ಕೆಲಸ. ನಾನು ಓದಿದ್ದು ಆರನೇ ಕ್ಲಾಸಿನವರೆಗೆ. ಅಪ್ಪ ತೀರಿಕೊಂಡ ವರ್ಷ ನಾನು ಶಾಲೆ ಬಿಟ್ಟೆ, ತಮ್ಮ ಸುಧಾಕರ ಬಿಡಲಿಲ್ಲ. ಅವನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಇದೇ ಶಾಲೆಗೆ ಗಣಿತದ ಮೇಷ್ಟ್ರಾಗಿ ಬಂದಾಗ ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ಅದೇ ತಮ್ಮನ ನೌಕರಿ ನನ್ನಿಂದಲೇ ಹೋಗುವುದರಲ್ಲಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಶಾಲೆಯಲ್ಲಿ ಪಠ್ಯ ಬೋರ್ಡಿನದು, ಪದ್ಧತಿ ಮಂಡಳಿಯದು. ಬೆಳಿಗ್ಗೆ ಏಳೂ ಹತ್ತಕ್ಕೆ ಪ್ರಾರ್ಥನೆ, ಏಳೂ ಇಪ್ಪತ್ತಕ್ಕೆ ಮೊದಲ ಪೀರಿಯಡ್. ಪ್ರಾರ್ಥನೆಯಲ್ಲಿ ಒಂದು ಭಜನೆ, ಆಮೇಲೆ ಮಂಗಳ. ಭಜನೆ ಶುರುವಾದ ಮೇಲೆ ಮಂಗಳ ಹಾಡದೆ ಏಳಬಾರದು, ಮಂಗಳ ಮುಗಿಯದೆ ಗಂಟೆ ಬಾರಿಸಬಾರದು ಎಂಬುದು ಮಂಡಳಿಯ ನಿಯಮ. ಮಂಗಳವನ್ನು ಯಾವಾಗ ಎತ್ತಿಕೊಳ್ಳಬೇಕು ಎಂದು ತೀರ್ಮಾನಿಸುವವರು ಮುಂದೆ ನಿಂತು ಹಾಡುವವರು.

ಆ ವರ್ಷದ ಏಪ್ರಿಲ್‌ನಲ್ಲಿ ಹಾಡಿಸುತ್ತಿದ್ದ ಮೇಷ್ಟ್ರು ನಿವೃತ್ತರಾದರು. ನಾನು ಹಾಲ್ ಗುಡಿಸುತ್ತಾ ಹಾಡಿಕೊಳ್ಳುತ್ತಿದ್ದದ್ದು ಮಂಡಳಿಯ ಅಧ್ಯಕ್ಷರಾದ ಕಾಮತರ ಕಿವಿಗೆ ಬಿತ್ತು. "ಸ್ವರ ಉಂಟಲ್ಲ ಮಾರಾಯ್ತಿ ನಿನಗೆ! ಜೂನ್‌ನಿಂದ ನೀನೇ ಹೇಳು" ಎಂದರು.

ಮಕ್ಕಳಿಗೆ ನಾನು ಮಾವಶಿ, ಅಂದರೆ ಚಿಕ್ಕಮ್ಮ; ಟೀಚರುಗಳಿಗೆ ಬಾಯಿ, ಅಂದರೆ ಕೆಲಸದವಳು. ನೀರು ತಾ, ಡಸ್ಟರ್ ತಾ ಎನ್ನುವುದಕ್ಕೆ ಮಾತ್ರ ನನ್ನನ್ನು ಕರೆಯುತ್ತಿದ್ದರು. ಜೂನ್‌ನಿಂದ ದಿನಾ ಬೆಳಿಗ್ಗೆ ಇಡೀ ಶಾಲೆ ನನ್ನ ಎದುರು ನಿಂತು ನಾನು ಹೇಳಿದ್ದನ್ನು ತಿರುಗಿ ಹೇಳತೊಡಗಿತು. ಒಂದು ಭಜನೆ ಎರಡಾಯಿತು. ಕಾಮತರು ಬಂದ ದಿನ ಕಣ್ಣು ಮುಚ್ಚಿ ತಾಳ ಹಾಕುತ್ತಾ "ಇನ್ನೊಂದು" ಎನ್ನುತ್ತಿದ್ದರು. ಅವರು ಬಾರದ ದಿನವೂ ನಾನು ಇನ್ನೊಂದನ್ನು ಬಿಡುತ್ತಿರಲಿಲ್ಲ. ಏಳೂವರೆಗೆ ಮಂಗಳ, ಆಮೇಲೆ ಹೋಗಿ ಗಂಟೆ. ಹೆಡ್ ಮೇಡಂ ಆ ಹೊತ್ತಿನಲ್ಲಿ ಆಫೀಸಿನಲ್ಲಿ ಕಾಗದಪತ್ರಗಳ ನಡುವೆ ಇರುತ್ತಿದ್ದರು. ಮುಂದಿನ ಗಂಟೆಗಳನ್ನೆಲ್ಲ ಗಡಿಯಾರ ನೋಡಿಯೇ ಬಾರಿಸುತ್ತಿದ್ದೆ. ಹಾಗಾಗಿ ನಷ್ಟವಾಗುತ್ತಿದ್ದದ್ದು ಮೊದಲ ಪೀರಿಯಡ್ಡಿಗೆ ಮಾತ್ರ. ಹತ್ತನೇ ಕ್ಲಾಸಿಗೆ ವಾರದ ಆರು ದಿನವೂ ಆ ಪೀರಿಯಡ್ ಗಣಿತ. ಬೀಜಗಣಿತ, ರೇಖಾಗಣಿತ ಎರಡೂ ಸುಧಾಕರನದೇ.

ಮಳೆಗಾಲದಲ್ಲಿ ಒಮ್ಮೆ ಅವನು, "ಅಕ್ಕ, ಇವತ್ತು ಸ್ವಲ್ಪ ಉದ್ದ ಆಯ್ತು" ಎಂದ.

"ದೇವರ ಕೆಲಸಕ್ಕೂ ಗಡಿಯಾರ ನೋಡ್ತಾರಾ?" ಎಂದೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಜನವರಿಯಲ್ಲಿ ಪ್ರಿಲಿಮ್ ನಡೆಯಿತು. ಬೋರ್ಡ್ ಪರೀಕ್ಷೆಗೆ ಮೊದಲು ಶಾಲೆಯೇ ಮಾಡುವ ಪೂರ್ತಿ ಪಠ್ಯದ ಪರೀಕ್ಷೆ ಅದು. ಹತ್ತನೆಯ ಅರ್ಧ ಕ್ಲಾಸು ಗಣಿತದಲ್ಲಿ ಫೇಲಾಯಿತು. ಬೀಜಗಣಿತದ ಕೊನೆಯ ಎರಡು ಪಾಠಗಳು ಆಗಿರಲೇ ಇಲ್ಲ. ಪಾಲಕರು ಆಫೀಸಿಗೆ ಬಂದು ಗಲಾಟೆ ಮಾಡಿದರು. ಸುಧಾಕರನದು ಪ್ರೊಬೇಷನ್ನಿನ ಎರಡನೇ ವರ್ಷ. ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ನಿರ್ಧಾರವಾಗುವ ವರ್ಷ.

ಆ ಗುರುವಾರ ಕಾಮತರು ಮತ್ತು ಹೆಡ್ ಮೇಡಂ ಅವನನ್ನು ಕರೆಸಿದರು. ನಾನು ಚಹಾ ಹಿಡಿದು ಒಳಗೆ ಹೋದಾಗ ಮೇಡಂ ಕೇಳುತ್ತಿದ್ದರು: "ಹೋದ ವರ್ಷ ಪೋರ್ಷನ್ ಮುಗಿಸಿದ್ದಿರಿ. ಈ ವರ್ಷ ಏನಾಯಿತು?"

ಸುಧಾಕರ ನನ್ನ ಕಡೆ ನೋಡಲಿಲ್ಲ. "ನಂದೇ ತಪ್ಪು ಮೇಡಂ" ಎಂದ.

"ಹಾಗಾದರೆ ಜೂನ್‌ನಿಂದ ಬೇರೆಯವರನ್ನು ನೋಡ್ತೇವೆ. ಪತ್ರ ನಾಳೆ ಸಿಗ್ತದೆ" ಎಂದರು ಕಾಮತರು.

ನಾನು ಕಪ್ಪುಗಳನ್ನು ಇಟ್ಟು ಹೊರಗೆ ಬಂದೆ. ನಾನು ಒಪ್ಪಿಕೊಳ್ಳಬೇಕಾದ ತಪ್ಪು ಭಜನೆ ಉದ್ದ ಮಾಡಿದ್ದಕ್ಕಿಂತ ದೊಡ್ಡದು: ಆ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಬಂದದ್ದು. ನನ್ನ ನೌಕರಿ ಹೋದರೆ ಎಂಬ ಭಯವಿತ್ತು. ನಾಳೆಯಿಂದ ಬೇರೆ ಯಾರೋ ಮುಂದೆ ನಿಂತು ಹಾಡುತ್ತಾರೆ ಎಂಬ ಹೊಟ್ಟೆಕಿಚ್ಚೂ ಇತ್ತು. ಎರಡನೆಯದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನ ಮಕ್ಕಳು ಹೋದ ಮೇಲೆ ಹತ್ತನೇ ಕ್ಲಾಸು ಗುಡಿಸಲು ಹೋದೆ. ಬೋರ್ಡಿನ ಮೇಲೆ ತಮ್ಮನ ಅಕ್ಷರದಲ್ಲಿ ಅರ್ಧಕ್ಕೆ ನಿಂತ ಲೆಕ್ಕವಿತ್ತು. ಪಕ್ಕದಲ್ಲಿ ನಾನೂ ಸೀಮೆಸುಣ್ಣ ಹಿಡಿದೆ. ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಒಂದು ಗಂಟೆ. ಗಣಪತಿ, ದೀಪಾವಳಿ ರಜೆ ಕಳೆದು ಇಪ್ಪತ್ತನಾಲ್ಕು ವಾರ. ಅಂದರೆ ಸಾವಿರದ ನಾನ್ನೂರ ನಲವತ್ತು ನಿಮಿಷ. ಒಂದು ಪೀರಿಯಡ್ಡಿಗೆ ನಲವತ್ತು. ಭಾಗಾಕಾರ ಮರೆತುಹೋಗಿತ್ತು. ನಲವತ್ತು ನಲವತ್ತಾಗಿ ಕಳೆಯುತ್ತಾ ಒಂದೊಂದು ಗೆರೆ ಎಳೆದೆ. ಎಣಿಸಿದರೆ ಮೂವತ್ತಾರು ಗೆರೆ. ತಪ್ಪಿರಬಹುದೆಂದು ಮತ್ತೆ ಎಣಿಸಿದೆ. ಮೂವತ್ತಾರೇ. ಎರಡು ಪಾಠ ಮುಗಿಸಿ, ಮತ್ತೊಮ್ಮೆ ತಿರುವಿಹಾಕಲು ಸಾಕಾಗುವಷ್ಟು.

ಮರುದಿನ ಒಂದೇ ಭಜನೆ ಹಾಡಿ ಮಂಗಳ ಎತ್ತಿಕೊಂಡೆ. ಏಳೂ ಇಪ್ಪತ್ತಕ್ಕೆ ಗಂಟೆ ಬಾರಿಸಿದಾಗ ಹತ್ತನೆಯ ಹುಡುಗಿಯೊಬ್ಬಳು, "ಮಾವಶಿ, ಆಜ್ ಇತ್ನಾ ಜಲ್ದಿ?" ಎಂದು ಬೇಗ ಮುಗಿದದ್ದಕ್ಕೆ ನಕ್ಕಳು. ನಾನು ನೇರ ಆಫೀಸಿಗೆ ನಡೆದೆ. ಪತ್ರಕ್ಕೆ ಸಹಿ ಮಾಡಲು ಕಾಮತರೂ ಬಂದು ಕೂತಿದ್ದರು.

"ಕಾಯ್ ಝಾಲಂ ಬಾಯಿ?" ಏನಾಯಿತೆಂದು ಮರಾಠಿಯಲ್ಲಿ ಕೇಳಿದರು ಮೇಡಂ.

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವರು ನಂಬಲಿಲ್ಲ. ಹತ್ತು ನಿಮಿಷದಿಂದ ಅಷ್ಟಾಗುತ್ತದೆಯೇ ಎಂದರು. ಚೀಟಿಯ ಮೇಲೆ ಇಳಿಸಿಕೊಂಡಿದ್ದ ಮೂವತ್ತಾರು ಗೆರೆಗಳನ್ನು ಮೇಜಿನ ಮೇಲಿಟ್ಟೆ. ಮೇಡಂ ಪೆನ್ನಿನಿಂದ ಲೆಕ್ಕ ಮಾಡಿ ನೋಡಿದರು. ಆಮೇಲೆ ಚೀಟಿಯನ್ನು ಕಾಮತರ ಕಡೆ ತಳ್ಳಿದರು.

ಕಾಮತರು ಗೆರೆಗಳನ್ನು ಒಂದೊಂದಾಗಿ ಎಣಿಸಿದರು. ಕೊನೆಗೆ, "ಮಂಡಳಿಯ ಶಾಲೆಯಲ್ಲಿ ಭಜನೆ ಹೆಚ್ಚಾಯ್ತು ಅಂತ ದೂರು ಬಂದದ್ದು ಇದೇ ಮೊದಲು. ಅದೂ ಹಾಡಿದವಳಿಂದಲೇ!" ಎಂದರು. ನಗಲಿಲ್ಲ. "ತಾಳ ಹಾಕಿದವ ನಾನೇ ಅಲ್ವಾ. ಆ ಪತ್ರ ಹರಿದು ಹಾಕಿ ಮೇಡಂ."

ಮೇಡಂ ಹರಿದು ಹಾಕಿದರು. ನನಗೆ ಮಾತ್ರ ಒಂದು ಮೆಮೋ ಕೊಟ್ಟರು. ಅಂದರೆ ತಪ್ಪನ್ನು ಬರವಣಿಗೆಯಲ್ಲಿ ತೋರಿಸುವ ಕಾಗದ. ಅದು ನ್ಯಾಯವೇ ಆಗಿತ್ತು. ಫೆಬ್ರವರಿ ಕೊನೆಯವರೆಗೆ ಪಿ.ಟಿ. ಮತ್ತು ಚಿತ್ರಕಲೆಯ ಪೀರಿಯಡ್‌ಗಳನ್ನು ಹತ್ತನೆಯವರ ಗಣಿತಕ್ಕೆ ಕೊಟ್ಟರು.

ಅಂದು ಠಾಕುರ್ಲಿಯ ಮನೆಗೆ ಹೋಗಲು ಪ್ಲಾಟ್‌ಫಾರಂನಲ್ಲಿ ಲೋಕಲ್ ಕಾಯುತ್ತಾ ಇಬ್ಬರೂ ನಿಂತಿದ್ದೆವು. ಮರಾಠಿಯ ಮೆಮೋವನ್ನು ಅವನೇ ನನಗೆ ಓದಿ ಹೇಳಿದ.

"ನಿನಗೆ ಗೊತ್ತಿತ್ತಾ?" ಎಂದೆ.

"ಗಡಿಯಾರ ನನ್ನ ಕೈಯಲ್ಲೂ ಉಂಟಲ್ಲ ಅಕ್ಕ."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ ನೀನು?"

"ನೀನು ಹಾಡುವಾಗ ಒಬ್ಬರಾದ್ರೂ ನಿನ್ನನ್ನು ಬಾಯಿ ಅಂತ ಕರೀತಿದ್ರಾ?" ಎಂದ. ಮೆಮೋವನ್ನು ಮಡಚಿ ನನ್ನ ಕೈಗೆ ಕೊಟ್ಟು, "ಆದ್ರೂ ಮಕ್ಕಳ ಮುಖ ನೋಡಿ ಹೇಳ್ಬೇಕಿತ್ತು. ಅದು ನನ್ನ ತಪ್ಪೇ" ಎಂದ. ಲೋಕಲ್ ಬಂತು. ನಾನು ಲೇಡೀಸ್ ಡಬ್ಬಿಗೆ ಹತ್ತಿದೆ. ಒಂದೇ ಸ್ಟೇಷನ್ನಿನ ದಾರಿ, ಅಷ್ಟರೊಳಗೆ ಅತ್ತು ಮುಗಿಸಿದೆ. ಎಷ್ಟೋ ತಿಂಗಳ ಮೇಲೆ ಮನಸ್ಸು ಹಗುರಾಗಿತ್ತು.

ಜೂನ್‌ನಲ್ಲಿ ಬೋರ್ಡಿನ ಫಲಿತಾಂಶ ಬಂತು. ಗಣಿತದಲ್ಲಿ ಒಬ್ಬಳನ್ನು ಬಿಟ್ಟು ಎಲ್ಲರೂ ಪಾಸಾದರು. ಅವಳು ಅಂದು "ಇತ್ನಾ ಜಲ್ದಿ?" ಎಂದು ನಕ್ಕವಳು. ಸುಧಾಕರ ಅವಳನ್ನು ದಿನಾ ಮನೆಗೆ ಕರೆಸಿ ಪಾಠ ಹೇಳಿದ, ಅಕ್ಟೋಬರ್‌ನಲ್ಲಿ ಮತ್ತೆ ಪರೀಕ್ಷೆ ಬರೆದು ಅವಳೂ ಪಾಸಾದಳು. ಪೇಢೆ ಕೊಡಲು ಬಂದವಳು ಮೊದಲ ಪೇಢೆಯನ್ನು ನನ್ನ ಕೈಗಿಟ್ಟಾಗ ನನಗೆ ತಲೆ ಎತ್ತಲಾಗಲಿಲ್ಲ. ತಮ್ಮ ಕಾಯಂ ಆದ, ಈಗಲೂ ಅಲ್ಲೇ ಇದ್ದಾನೆ.

2018ರಲ್ಲಿ ನಿವೃತ್ತಳಾಗುವವರೆಗೂ ನಾನೇ ಹಾಡಿದೆ, ನಾನೇ ಗಂಟೆ ಬಾರಿಸಿದೆ. ಗಂಟೆಯ ಕೋಲು ನಮ್ಮ ಕೈಯಲ್ಲಿ ಇರುತ್ತದೆ, ಹೊತ್ತು ಮಾತ್ರ ಬೆಂಚಿನ ಮೇಲೆ ಪುಸ್ತಕ ಬಿಚ್ಚಿ ಕಾಯುತ್ತಿರುವವರದು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಕೊನೆಯ ದಿನವೂ ಮಂಗಳ ಮುಗಿಸಿ ಗಡಿಯಾರ ನೋಡಿದೆ. ಏಳೂ ಹತ್ತೊಂಬತ್ತು. ಒಂದು ನಿಮಿಷ ಕಾದು ಬಾರಿಸಿದೆ.