ಮಹಡಿ ಹತ್ತುತ್ತಿದ್ದ ಸೈಕಲ್ಲು

ಇದನ್ನು ಹೇಳಬೇಕೆಂದು ಕೂತು, ಬೇರೇನೋ ಹೇಳಿ ಎದ್ದುಹೋದದ್ದು ಎಷ್ಟೋ ಸಲ. ಹೆಂಡತಿಗೆ ಹೇಳಲು ಹೊರಟು ವಠಾರದ ನಲ್ಲಿಯ ಜಗಳಗಳನ್ನು ಹೇಳಿದೆ. ಮಕ್ಕಳಿಗೆ ಹೇಳಲು ಹೊರಟು ನಮ್ಮಪ್ಪನ ಸೈಕಲ್ಲಿನ ಹೊಳಪನ್ನು ವರ್ಣಿಸಿದೆ. ಈಗ ಎಂಬತ್ತು ದಾಟಿದೆ, ಇನ್ನು ಮುಂದೂಡಲು ಜಾಗವಿಲ್ಲ. ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎರಡನೇ ಮಹಡಿಯ ಹೆಣ್ಣುಮಗಳೊಬ್ಬಳು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಚೈನಿಗೆ ಕೊಬ್ಬರಿ ಎಣ್ಣೆ ಬಿಡುತ್ತಿದ್ದಳು. ಹೊರಗಿನ ಬಿಸಿಲಿಗೆ ಕಾದು ಬಂದ ರಬ್ಬರು, ಅದರ ಮೇಲೆ ಕೊಬ್ಬರಿ ಎಣ್ಣೆ. ಆ ವಾಸನೆಗೆ ನನ್ನ ಕಾಲು ಅಲ್ಲೇ ನಿಂತಿತು.

ನಮ್ಮ ಮನೆ ರಾಜಾಜಿನಗರದಲ್ಲಿತ್ತು. ಆಗಿನ್ನೂ ಆ ಬಡಾವಣೆಯ ರಸ್ತೆಗಳಿಗೆ ಕಲ್ಲು ಹಾಸುತ್ತಿದ್ದರು. ವಠಾರವೆಂದರೆ ಆರು ಮನೆ, ಕೆಳಗೆ ಮೂರು, ಮಹಡಿಯ ಮೇಲೆ ಮೂರು, ಮಧ್ಯೆ ಒಂದು ಕಿರಿದಾದ ಅಂಗಳ, ಒಂದು ನಲ್ಲಿ. ಅಂಗಳದಲ್ಲಿ ಗಾಡಿ ನಿಲ್ಲಿಸಬಾರದೆಂದು ಯಜಮಾನರ ಕಟ್ಟಪ್ಪಣೆ, ಏಕೆಂದರೆ ಬೆಳಗಾದರೆ ಅಲ್ಲಿ ಬಿಂದಿಗೆಗಳ ಸಾಲು. ಹಾಗಾಗಿ ಅಪ್ಪನ ಸೈಕಲ್ಲು ನಮ್ಮ ಜೊತೆಗೇ ಮಹಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ವಾಸವಾಗಿತ್ತು. ಅಪ್ಪ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಗುಮಾಸ್ತರು. ಆ ಸೈಕಲ್ಲು ಅವರು ಹೊಸದಾಗಿ ಕೊಂಡ ಮೊದಲ ವಸ್ತು. ಕಪ್ಪು ಬಣ್ಣ, ಹಸಿರು ಗೀಟು, ಎರಡೂ ಚಕ್ರಕ್ಕೆ ಸಲಾಕೆಯ ಬ್ರೇಕು. ಗೋಡೆಗೊರಗಿಸಿ, ಚಕ್ರದ ಕೆಳಗೆ ಗೋಣಿಚೀಲ ಹಾಸಿ, ಅಮ್ಮನ ಸೆರಗು ಸಿಕ್ಕದಂತೆ ಪೆಡಲಿಗೆ ಹಳೆಯ ಕಾಲುಚೀಲ ತೊಡಿಸುತ್ತಿದ್ದೆವು. ಹೊರಗಿನಿಂದ ಬಂದ ಸೈಕಲ್ಲು ಚಕ್ರ ತೊಳೆದುಕೊಳ್ಳದೆ ಹೊಸಿಲು ದಾಟುವಂತಿರಲಿಲ್ಲ. "ನಿಮ್ಮಪ್ಪನೇ ಕಾಲು ತೊಳ್ಕೊಂಡು ಬರ್ತಾರೆ, ಇದ್ಯಾವ ದೊಡ್ಡ ಮನುಷ್ಯ ಕಣೋ," ಎನ್ನುತ್ತಿದ್ದಳು ಅಮ್ಮ. ಆ ಕೆಲಸ ನನ್ನದು. ಒಂದು ತಂಬಿಗೆ ನೀರು, ಒಂದು ಒದ್ದೆ ಬಟ್ಟೆ, ಆಮೇಲೆ ಒಂದು ಒಣ ಬಟ್ಟೆ. ಹನ್ನೆರಡು ವರ್ಷದ ನನಗೆ ಶಾಲೆಯಲ್ಲಿ ಸಿಗದ ಮರ್ಯಾದೆಯೆಲ್ಲ ಆ ಎರಡು ಚಕ್ರಗಳಿಂದ ಸಿಗುತ್ತಿತ್ತು. ಮನೆಗೆ ಬಂದವರು ಕುರ್ಚಿಯಿಲ್ಲವೆಂದು ಗಮನಿಸುವ ಮೊದಲೇ ಸೈಕಲ್ಲನ್ನು ನೋಡಿ, "ಹೋದ ವಾರ ತಗೊಂಡ್ರಾ?" ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಅದಕ್ಕೆ ಮೂರು ವರ್ಷ. ನಿಜ ಹೇಳುತ್ತೇನೆ, ಆ ಹೆಮ್ಮೆ ಈಗಲೂ ಹೋಗಿಲ್ಲ.

ಅಪ್ಪನಿಗೆ ಸೊಂಟನೋವು. ಸಾಯಂಕಾಲ ಸೈಕಲ್ಲನ್ನು ಹದಿನಾಲ್ಕು ಮೆಟ್ಟಿಲು ಹತ್ತಿಸಲು ನನ್ನ ಜೊತೆ ಕೈಹಾಕುತ್ತಿದ್ದವನು ಕೆಳಮನೆಯ ಅಣ್ಣ. ಬ್ಯಾಡರಹಳ್ಳಿಯ ಒಕ್ಕಲುಮಗ, ಇಪ್ಪತ್ತು ದಾಟಿದವನು. ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಹಿಡಿಯಬೇಕೆಂದು ಬಂದು, ನಮ್ಮ ಕೆಳಗಿನ ಮನೆಯಲ್ಲಿದ್ದ ತನ್ನ ಅಕ್ಕನ ಜೊತೆ ಇದ್ದ. ಹಗಲು ಕಾಮಾಕ್ಷಿಪಾಳ್ಯದ ಒಂದು ಸೈಕಲ್ ಶಾಪಿನಲ್ಲಿ ದುಡಿಯುತ್ತಿದ್ದ. ನಾನು ಮುಂದಿನ ಚಕ್ರ ಹಿಡಿದರೆ, ಅವನು ಹಿಂದಿನಿಂದ ಪೂರ್ತಿ ಭಾರ ಹೊತ್ತು, "ಅಬ್ಬಾ, ನೀನಿಲ್ದಿದ್ರೆ ನನ್ನ ಕೈಲಿ ಆಗ್ತಿತ್ತಾ," ಎನ್ನುತ್ತಿದ್ದ. ಪಂಕ್ಚರ್ ತಿದ್ದುವುದು, ಚಕ್ರದ ಕಡ್ಡಿ ಬಿಗಿಮಾಡುವುದು, ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಸುವುದು, ಎಲ್ಲವನ್ನೂ ಕಲಿಸಿದವನು ಅವನೇ. ಎಣ್ಣೆಯ ಪಾಠವನ್ನಂತೂ ಬಾಯಿಪಾಠ ಮಾಡಿಸಿದ್ದ. ಚೈನಿಗೆ ಎರಡು ಹನಿ, ಚಕ್ರದ ನಡುವಿನ ಹಬ್ಬಿಗೆ ಒಂದು ಹನಿ. "ರಿಮ್ಮಿಗೆ ಮಾತ್ರ ಎಣ್ಣೆ ಸೋಕಿಸ್ಬೇಡ ಕಣೋ. ಬ್ರೇಕಿನ ರಬ್ಬರು ಹಿಡ್ಕೊಳ್ಳೋದೇ ಅಲ್ಲಿ."

ಆ ವರ್ಷ ಮಳೆ ನವರಾತ್ರಿಯವರೆಗೂ ಬಿಡಲಿಲ್ಲ. ದಿನವೂ ನೀರು ಕಂಡ ರಿಮ್ಮಿನ ಮೇಲೆ ಸಾಸಿವೆಕಾಳಿನಷ್ಟು ತುಕ್ಕಿನ ಚುಕ್ಕೆಗಳೆದ್ದವು. ಆಯುಧಪೂಜೆಗೆ ವಠಾರದ ಎಲ್ಲರೂ ನಮ್ಮ ಸೈಕಲ್ಲು ನೋಡಲು ಬರುವವರೇ. ಹಿಂದಿನ ಸಾಯಂಕಾಲ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದೆ. ಚುಕ್ಕೆ ಹೋಯಿತು, ಹೊಳಪು ಬರಲಿಲ್ಲ. ಅಮ್ಮನ ಕೊಬ್ಬರಿ ಎಣ್ಣೆಯ ಬಟ್ಟಲು ಕೈಗೆಟುಕುವಷ್ಟು ದೂರದಲ್ಲಿತ್ತು. ಬಟ್ಟೆಯನ್ನದ್ದಿ ಎರಡೂ ರಿಮ್ಮುಗಳ ಒಳಗೂ ಹೊರಗೂ ಒರೆಸಿದೆ. ಕನ್ನಡಿಯಂತೆ ಹೊಳೆದವು. ಪೂಜೆ ಮುಗಿದ ಮೇಲೆ ಒರೆಸಿಬಿಡೋಣ ಅಂದುಕೊಂಡಿದ್ದೆ. ಪೂಜೆಗಿಟ್ಟದ್ದನ್ನು ಆ ದಿನ ಬಳಸುವಂತಿಲ್ಲ, ಮರುದಿನ ವಿಜಯದಶಮಿಯ ರಜೆ. ಎರಡು ದಿನ ಕುಂಕುಮ, ಸೇವಂತಿಗೆ ಹಾರ ಹಾಕಿಕೊಂಡು ಅದು ಮದುಮಗನಂತೆ ನಿಂತಿತ್ತು, ಬಂದವರೆಲ್ಲ ನನ್ನ ಬೆನ್ನು ತಟ್ಟಿದರು. ಆ ಬೆನ್ನು ತಟ್ಟಿಸಿಕೊಳ್ಳುವ ಸಂಭ್ರಮದಲ್ಲಿ ಒರೆಸುವುದನ್ನು ಮರೆತೆ.

ಅದರ ಮಾರನೆಯ ಬೆಳಿಗ್ಗೆ ಅಣ್ಣನಿಗೆ ಕಾರ್ಖಾನೆಯಲ್ಲಿ ಪರೀಕ್ಷೆ. ಕಬ್ಬಿಣದ ತುಂಡೊಂದನ್ನು ಅರದಿಂದ ಉಜ್ಜಿ ಚೌಕ ಮಾಡಿ ತೋರಿಸಬೇಕು. ವಯಸ್ಸಿನ ಮಿತಿಗೆ ಅದೇ ಅವನ ಕೊನೆಯ ಅವಕಾಶ. ಅಪ್ಪನಿಗೆ ಅಂದು ಎರಡನೇ ಪಾಳಿ. ತಾವಾಗಿಯೇ ಕರೆದು, "ನಡ್ಕೊಂಡು ಹೋಗಿ ಕೈ ನಡುಗಿಸ್ಕೋಬೇಡ, ಸೈಕಲ್ ತಗೊಂಡ್ಹೋಗು," ಎಂದರು. ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಅವನು ಹಾರವನ್ನೂ ತೆಗೆಯದೆ, ನಗುತ್ತಾ ಪೆಡಲು ತುಳಿದು ಹೋದದ್ದನ್ನು ಮಹಡಿಯಿಂದ ನೋಡಿದೆ. ನಮ್ಮ ರಸ್ತೆ ಸಮತಟ್ಟು, ಬ್ರೇಕು ಬೇಕಾಗಲಿಲ್ಲ. ಮಾಗಡಿ ರಸ್ತೆಯ ಇಳಿಜಾರಿನಲ್ಲಿ ಬೇಕಾಯಿತು.

ಮಧ್ಯಾಹ್ನ ನಾನು ಬಂದಾಗ ಅಂಗಳದಲ್ಲಿ ಜನ. ಅಡ್ಡ ಬಂದ ಹುಲ್ಲಿನ ಗಾಡಿಯನ್ನು ತಪ್ಪಿಸಲು ಹೋಗಿ ಮೋರಿಯ ಕಲ್ಲಿಗೆ ಬಡಿದಿದ್ದನಂತೆ. ಬಲಗೈ ಮಣಿಕಟ್ಟು ಮುರಿದಿತ್ತು. ಪಕ್ಕದಲ್ಲಿ ಸೈಕಲ್ಲು, ಮುಂದಿನ ಫೋರ್ಕು ಸೊಟ್ಟಗಾಗಿ, ಮೈಯೆಲ್ಲ ಕೆಂಪು ಧೂಳು ಮೆತ್ತಿಕೊಂಡು ಬಿದ್ದಿತ್ತು. "ಬ್ರೇಕು ಹಿಡೀಲೇ ಇಲ್ಲ ಸಾರ್," ಎನ್ನುತ್ತಿದ್ದ ಅಣ್ಣ. ನಲ್ಲಿಯ ಹತ್ತಿರ ನಿಂತಿದ್ದ ಯಜಮಾನರ ತಂಗಿ, "ನೇಗಿಲು ಹಿಡಿಯೋರ ಕೈಗೆ ಹ್ಯಾಂಡಲ್ ಕೊಟ್ರೆ ಇನ್ನೇನಾಗುತ್ತೆ," ಎಂದರು. ಅಪ್ಪ ಕೂಗಾಡಲಿಲ್ಲ. ನಿಧಾನವಾಗಿ ಹೇಳಿದರು: "ಬಿದ್ದೆ, ಆಯ್ತು. ಕೈ ವಾಸಿಯಾಗ್ಲಿ. ಆದ್ರೆ ಬ್ರೇಕಿನ ಮೇಲೆ ಹಾಕ್ಬೇಡಪ್ಪ. ಆ ಗಾಡಿ ನೋಡ್ಕೊಳ್ಳೋನು ನನ್ನ ಮಗ. ಅವನು ನೋಡ್ಕೊಂಡ ಗಾಡೀಲಿ ಬ್ರೇಕು ಹಿಡೀದೆ ಇರೋ ಮಾತೇ ಇಲ್ಲ."

ಅಷ್ಟು ಜನರ ಮುಂದೆ ಅಪ್ಪ ನನ್ನ ಬಗ್ಗೆ ಹಾಗೆ ಮಾತಾಡಿದ್ದು ಅದೇ ಮೊದಲು. ನಾಚಿಕೆಯಾಗಬೇಕಿತ್ತು. ಆದರೆ ಆ ಗಳಿಗೆಯಲ್ಲಿ ನನ್ನ ಎದೆ ಉಬ್ಬಿತು. ನಾನು ಒಪ್ಪಿಕೊಳ್ಳಬೇಕಾದದ್ದು ಎಣ್ಣೆಯ ಸಂಗತಿಗಿಂತ ಹೆಚ್ಚಾಗಿ ಇದನ್ನು.

ಸಾಯಂಕಾಲ ಅಣ್ಣ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಕೈಗೆ ಬಿದಿರ ದಬ್ಬೆ ಕಟ್ಟಿದ್ದರು. ನನ್ನನ್ನು ಹತ್ತಿರ ಕರೆದು, ಮೆಲ್ಲಗೆ ಕೇಳಿದ: "ರಿಮ್ಮಿಗೆ ಏನಾದ್ರೂ ಹಚ್ಚಿದ್ಯೇನೋ?"

"ಇಲ್ಲಣ್ಣ. ಒಣಬಟ್ಟೇಲಿ ಒರೆಸಿದ್ದು, ಅಷ್ಟೇ."

ಅವನು ದಬ್ಬೆ ಕಟ್ಟಿದ ತನ್ನ ಕೈಯನ್ನು ನೋಡಿಕೊಂಡ. "ಹೌದು ಬಿಡು, ನಿಂಗೆ ಗೊತ್ತಿರೋದೇ. ಪರೀಕ್ಷೆ ಭಯಕ್ಕೆ ನಾನೇ ಜೋರಾಗಿ ಬಿಟ್ಟೆ ಅನ್ಸುತ್ತೆ," ಎಂದ. ಅವನು ನಿಜ ತಿಳಿದೂ ಮುಚ್ಚಿಟ್ಟಿದ್ದರೆ ನನಗೆ ಇಷ್ಟು ನೋವಿರುತ್ತಿರಲಿಲ್ಲ. ಅವನು ನನ್ನನ್ನು ನಂಬಿದ. ತಾನೇ ಕಲಿಸಿದ ಹುಡುಗ ಹಾಗೆ ಮಾಡಲಾರನೆಂದು ನಂಬಿ, ತನ್ನ ಕೈಗಳ ಮೇಲೆ ತಾನೇ ಸಂಶಯಪಟ್ಟ. ದೀಪಾವಳಿಗೆ ಮುಂಚೆ ಊರಿಗೆ ಹೊರಟುಹೋದ. ಮೂಳೆ ಕೂಡಿತಂತೆ, ಆದರೆ ಮತ್ತೆ ಅವನು ಸೈಕಲ್ಲು ಹತ್ತಲಿಲ್ಲವೆಂದು ಅವನ ಅಕ್ಕ ಅಮ್ಮನ ಹತ್ತಿರ ಹೇಳಿಕೊಂಡಳು. ಎಲ್ಲಿಗಾದರೂ ನಡೆದೇ ಹೋಗುತ್ತಿದ್ದನಂತೆ.

ನಾನು ಹೈಸ್ಕೂಲು ಮುಗಿಸಿ, ಅದೇ ಕಾರ್ಖಾನೆಯಲ್ಲಿ, ಅದೇ ಕಬ್ಬಿಣದ ತುಂಡನ್ನು ಉಜ್ಜುವ ಪರೀಕ್ಷೆಯಲ್ಲಿ ಮೊದಲಿಗನಾಗಿ ತೇರ್ಗಡೆಯಾದೆ. ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದೆ. ನನ್ನ ಕೈಯ ಕೆಲಸವನ್ನು ಯಾರೂ ತಿರುಗಿ ಅಳೆಯುತ್ತಿರಲಿಲ್ಲ. ಅಪ್ಪ ಕೊನೆಯವರೆಗೂ, ಬಂದವರಿಗೆಲ್ಲ, "ಇವನು ನೋಡ್ಕೊಂಡ ಗಾಡೀಲಿ ಬ್ರೇಕು ಹಿಡೀದೆ ಇರೋ ಮಾತೇ ಇಲ್ಲ," ಎನ್ನುತ್ತಿದ್ದರು. ಆ ಹೆಮ್ಮೆಯನ್ನು ಅವರಿಂದ ಕಿತ್ತುಕೊಳ್ಳಲಾರೆನೆಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಕಿತ್ತುಕೊಳ್ಳಲಾಗದೆ ಹೋದದ್ದು ಅವರಿಂದಲ್ಲ, ನನ್ನಿಂದಲೇ.

ವಠಾರ ಈಗಿಲ್ಲ. ಆ ಜಾಗದಲ್ಲಿ ಅಂಗಡಿಗಳ ಕಟ್ಟಡ. ಅಪ್ಪ, ಅಮ್ಮ, ನಲ್ಲಿಯ ಸಾಲಿನ ಆ ಮಾತುಗಾರ ಹೆಂಗಸರು ಒಬ್ಬರೂ ಉಳಿದಿಲ್ಲ. ವಠಾರದಲ್ಲಿ ಬೆಳೆದವರಿಗೆ ಗೊತ್ತು, ಅಲ್ಲಿ ಗೋಡೆ ಬಿದ್ದರೆ ಆರು ಮನೆಯ ಬಾಲ್ಯ ಒಟ್ಟಿಗೆ ಬೀಳುತ್ತದೆ. ಬ್ಯಾಡರಹಳ್ಳಿ ಆಗ ನಮಗೆ ಸೈಕಲ್ಲಿನಲ್ಲಿ ಒಂದು ಗಂಟೆಯ ದಾರಿ. ನನ್ನದೇ ಸೈಕಲ್ಲು ಬಂದ ಮೇಲೆ ಎಷ್ಟೋ ಭಾನುವಾರ ಆ ರಸ್ತೆಯಲ್ಲಿ ಅರ್ಧ ಹೋಗಿ ತಿರುಗಿದೆ. ಒಮ್ಮೆ ಬಸ್ ನಿಲ್ದಾಣದಲ್ಲಿ ಅಣ್ಣ ಸಿಕ್ಕ. ಕೂದಲು ನರೆತಿತ್ತು. "ಅಪ್ಪಾವ್ರು ಹೆಂಗವ್ರೆ?" ಎಂದು ಕೇಳಿದ. ಚೆನ್ನಾಗಿದ್ದಾರೆ ಎಂದೆ. ನನ್ನ ಬಸ್ಸು ಬಂತು, ಹತ್ತಿದೆ. ಅದು ನಾನು ಹತ್ತಲೇಬೇಕಾದ ಬಸ್ಸೇನಾಗಿರಲಿಲ್ಲ. ಅವನು ತೀರಿಕೊಂಡ ಸುದ್ದಿ ತಲುಪಿದ್ದು ಎರಡು ವರ್ಷ ಕಳೆದ ಮೇಲೆ.

ವಠಾರದಲ್ಲಿ ನಾವೆಲ್ಲ ಅವನನ್ನು ಕೆಳಮನೆಯ ಅಣ್ಣ ಎಂದೇ ಕರೆದೆವು. ಅವನಿಗೆ ಅವನದೇ ಹೆಸರಿತ್ತು. ಬ್ಯಾಡರಹಳ್ಳಿಯ ಗಂಗಹನುಮಯ್ಯ.